ಅಕ್ಕಪಕ್ಕದ ಎಂಟು ಮನೆ

– ಮಾಮ, ಅಟ್ಟದ ಮೇಲೆ ಇದು ಸಿಕ್ತು. ಮೌಸ್ ಅಂತೇನೋ ಗೊತ್ತಾಯ್ತು. ಆದ್ರೆ ಹೊಟ್ಟೆಯೊಳಗೆ ಗುಂಡು ಉರುಳಿದ ಹಾಗೆ ಸದ್ದು ಬರ್ತಿದೆ.

– ಕೊಡು ಇಲ್ಲಿ. ಅಯ್ಯೋ, ಇದು ಇನ್ನೂ ಇತ್ತಾ! ತಿರುಗಿಸಿ ಹಿಡ್ಕೋ. ಆ ಬಿಲ್ಲೆಯನ್ನ ಬಾಣದ ಗುರುತಿನ ಕಡೆ ತಿರುಗಿಸು. ಬಂತಾ? ರಬ್ಬರಿನ ಗುಂಡು ಅದು. ಈಗ ಒಳಗೆ ನೋಡು, ಎರಡು ಸಣ್ಣ ಉರುಳೆ ಕಾಣುತ್ತೆ, ಅದರ ಮೇಲೆ ಕಪ್ಪಗೆ ಪಟ್ಟಿ ಕಟ್ಟಿದೆಯಲ್ಲ, ಅದು ಕೊಳೆ. ವಾರಕ್ಕೊಂದು ಸಲ ಉಗುರಲ್ಲಿ ಕೆರೆದು ತೆಗೀಬೇಕಿತ್ತು. ಇಲ್ಲದಿದ್ರೆ ಪರದೆ ಮೇಲಿನ ಬಾಣ ಎಡಕ್ಕೆ ಹೋಗು ಅಂದ್ರೆ ಅಲ್ಲೇ ತಡವರಿಸ್ತಿತ್ತು. ಕೊಳೆ ತೆಗೆಯೋ ಕೆಲಸ ನನ್ನದು, ಮೊದಲು ಆಡೋ ಸರದಿ ನಿಮ್ಮಮ್ಮಂದು.

– ಅಮ್ಮಂದಾ? ಫೋನಿನಲ್ಲಿ ಲೂಡೋ ಕೂಡ ಆಡದ ಅಮ್ಮ?

– ಅವಳೇ. ಈ ಕೋಣೆಯಲ್ಲೇ, ಆ ಕಿಟಕಿ ಪಕ್ಕ. ಮೈನ್‌ಸ್ವೀಪರ್‌ನಲ್ಲಿ ನಮ್ಮ ಕ್ರಾಸಿನಲ್ಲಿ ಅಕ್ಕನ್ನ ಮೀರಿಸಿದವರು ಇರಲಿಲ್ಲ. ಆ ಹೆಸರು ಯಾರ ಬಾಯಿಗೂ ಬರ್ತಿರಲಿಲ್ಲ, ಎಲ್ಲರಿಗೂ ಅದು ಬಾಂಬ್ ಆಟ.

– ಬೂದಿ ಬಣ್ಣದ ಚೌಕಗಳದ್ದು ತಾನೆ? ಗೂಗಲ್‌ನಲ್ಲಿ ಹುಡುಕಿದ್ರೆ ಈಗ್ಲೂ ಸಿಗುತ್ತೆ. ಒಂದು ಸಲ ಆಡಿ ನೋಡಿದೆ, ಮೂರನೇ ಕ್ಲಿಕ್ಕಿಗೇ ಬಾಂಬ್. ಮುಚ್ಚಿಟ್ಟೆ. ಅಷ್ಟೊಂದು ಪ್ರೀತಿಸೋಕೆ ಅದರಲ್ಲಿ ಏನಿತ್ತು?

– ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ ಕಣೇ. ಹೇಗಿದ್ರೂ ಸಾಮಾನೆಲ್ಲ ಸಾಗಿಸಿ ಆಯ್ತು, ಇಡೀ ನೆಲ ಖಾಲಿ ಇದೆ. ಬಿಲ್ಡರ್ ಕಡೆಯವರು ಬರೋದು ಸೋಮವಾರ. ಆ ಸೀಮೆಸುಣ್ಣ ತಗೊಂಡು ಬಾ. ಎಂಟು ಸಾಲು, ಸಾಲಿಗೆ ಎಂಟು ಮನೆ. ಕೆಂಪು ನೆಲದ ಮೇಲೆ ಬಿಳಿ ಗೆರೆ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು. ಇದೇ ಜಾಗದಲ್ಲಿ ನಮ್ಮಜ್ಜಿ ಚೌಕಾಬಾರ ಬರೀತಿದ್ರು.

– ಅದು ಐದೈದು ಮನೆಯದ್ದಲ್ವಾ?

– ಹೂಂ, ಇಪ್ಪತ್ತೈದು ಮನೆ, ಕವಡೆ, ಅಡ್ಡಗೆರೆ ಎಳೆದ ಕಟ್ಟೆಮನೆ. ಈಗ ನೀನೂ ಮನೆ ಅಂದೆ, ಗಮನಿಸಿದೆಯಾ? ಚೌಕಾಬಾರದಲ್ಲಿ ಮನೆ, ಚದುರಂಗದಲ್ಲಿ ಮನೆ, ಪಗಡೆಯಲ್ಲಿ ಮನೆ. ಕಂಪ್ಯೂಟರ್ ಬಂದಾಗಲೂ ನಮಗೆ ಬೇರೆ ಮಾತು ಹೊಳೀಲಿಲ್ಲ. ಬಾಂಬ್ ಆಟದ ಚೌಕಕ್ಕೂ ಮನೆ ಅಂತಲೇ ಅಂದ್ವಿ. ಆ ಒಂದು ಮಾತಿನಿಂದಲೇ ಆಟ ನಮಗೆ ಅರ್ಥವಾಯ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ಒಂದು ಮನೆಗೆ ಸುತ್ತ ಎಂಟು ಮನೆ. ಮುಚ್ಚಿದ ಮನೆ ತೆರೆದ್ರೆ ಒಂದು ಅಂಕಿ ಬರುತ್ತೆ. ಆ ಅಂಕಿ ತನ್ನ ವಿಷಯ ಏನನ್ನೂ ಹೇಳಲ್ಲ, ಅಕ್ಕಪಕ್ಕದ ಎಂಟು ಮನೆಯಲ್ಲಿ ಎಷ್ಟು ಬಾಂಬ್ ಇದೆ ಅಂತ ಮಾತ್ರ ಹೇಳುತ್ತೆ. ನಿಯಮ ಇಷ್ಟೇ. ಇರು, ಹತ್ತು ಬಾಂಬ್ ಎಲ್ಲೆಲ್ಲಿ ಅಂತ ಈ ಲಗ್ನಪತ್ರಿಕೆ ಹಿಂದೆ ಬರ್ಕೋತೀನಿ. ನೀನು ಆಡು. ಕಂಪ್ಯೂಟರ್ ನಾನೇ.

– ನಾಲ್ಕನೇ ಸಾಲು, ಐದನೇ ಮನೆ.

– ಖಾಲಿ. ಸುತ್ತ ಒಂದೂ ಬಾಂಬ್ ಇಲ್ಲ. ಹಾಗಾಗಿ ಇದೂ ತೆರೆಯುತ್ತೆ, ಇದೂ, ಇದೂ... ಇಷ್ಟಗಲ ಬಯಲು. ಹೀಗೆ ಒಮ್ಮೆಗೇ ತೆರೆದುಕೊಂಡ್ರೆ ನಾವು ‘ಸೈಟ್ ಸಿಕ್ತು’ ಅಂತ ಕೂಗ್ತಿದ್ವಿ.

– ಸೈಟಾ?

– ಆಗ ಪದ್ಮನಾಭನಗರದ ತುಂಬ ಖಾಲಿ ಸೈಟುಗಳೇ ಅಲ್ವಾ. ನಾಲ್ಕು ಮನೆ, ಆಮೇಲೆ ಮೂರು ಖಾಲಿ ಸೈಟು, ಸೈಟಿನ ತುಂಬ ಕಾಂಗ್ರೆಸ್ ಗಿಡ. ನಮ್ಮ ಕ್ರಿಕೆಟ್ ಅಲ್ಲೇ. ಚೆಂಡು ಗಿಡದೊಳಗೆ ಬಿದ್ರೆ ಹುಡುಕಿ ಬರುವಷ್ಟರಲ್ಲಿ ಮೈಯೆಲ್ಲ ತುರಿಕೆ. ಈಗ ನಮ್ಮ ಸಾಲಿನಲ್ಲಿ ಒಂದು ಸೈಟೂ ಖಾಲಿ ಉಳಿದಿಲ್ಲ. ಇನ್ನು ಈ ಮನೆಯೂ ನಾಲ್ಕು ಅಂತಸ್ತು ಆಗುತ್ತೆ.

– ಕಂಪ್ಯೂಟರ್ ಯಾವಾಗ ಬಂದಿದ್ದು?

– 1997. ಬಿ.ಟಿ.ಎಸ್. ಬಸ್ಸು ಬಿ.ಎಂ.ಟಿ.ಸಿ. ಆಯ್ತಲ್ಲ, ಆ ವರ್ಷ. ಅಪ್ಪ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿ ಕೊಡೋ ಒಂದು ಅಂಗಡಿಯಿಂದ ತಂದ್ರು. ಪೆಂಟಿಯಂ, ಹದಿನಾರು ಎಂ.ಬಿ. ರ‍್ಯಾಮ್, ವಿಂಡೋಸ್ 95. ಆಟೋದಲ್ಲಿ ಮಾನಿಟರನ್ನ ತೊಡೆ ಮೇಲೆ ಇಟ್ಕೊಂಡು, ದೇವೇಗೌಡ ಪೆಟ್ರೋಲ್ ಬಂಕ್ ದಾಟೋವರೆಗೂ ಅಪ್ಪ ಮಾತಾಡಲಿಲ್ಲವಂತೆ, ಎಲ್ಲಿ ಹಳ್ಳ ಬಂದು ಕುಲುಕಿಬಿಡುತ್ತೋ ಅಂತ. ಮನೆಗೆ ಬಂದ ಮೇಲೆ ಅದಕ್ಕೆ ಅಮ್ಮ ಹೊಲಿದ ಹೂವಿನ ಬಟ್ಟೆಯ ಮುಸುಕು. ಚಪ್ಪಲಿ ಹಾಕ್ಕೊಂಡು ಆ ಕೋಣೆಗೆ ಹೋಗುವ ಹಾಗಿಲ್ಲ. ಕರೆಂಟ್ ಹೋಗಿ ಬಂದ್ರೆ ಹತ್ತು ನಿಮಿಷ ಮುಟ್ಟುವ ಹಾಗಿಲ್ಲ. ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಮಣೆ, ಸ್ಕೂಟರಿನ ಜೊತೆ ಅದಕ್ಕೂ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಪೂಜೆಗೆ ಇಟ್ಟ ಆಯುಧವನ್ನ ಅವತ್ತು ಬಳಸಬಾರದಲ್ಲ. ರಜೆ ಇದೆ, ಕಂಪ್ಯೂಟರ್ ಕಣ್ಣೆದುರಿಗಿದೆ, ಆಡುವ ಹಾಗಿಲ್ಲ. ವಿಜಯದಶಮಿ ಬೆಳಿಗ್ಗೆ ಸ್ನಾನ ಮಾಡಿ ಓಡಿ ಬಂದು ನೋಡಿದ್ರೆ ಅಕ್ಕ ಆಗಲೇ ಕೂತಿರ್ತಿದ್ಲು.

– ತಾತ ಬೈತಿರಲಿಲ್ವಾ?

– ಬೈದಿದ್ದಷ್ಟೇ ಅಲ್ಲ, ಪರೀಕ್ಷೆ ಹೊತ್ತಿಗೆ ಆಟವನ್ನ ತೆಗೆದೇ ಹಾಕಿದ್ರು. ನಾವು ಬೇರೆಯವರ ಮನೆಗೆ ಹೋಗಿ ಆಡಿದ್ವಿ. ಆಮೇಲೆ ಎಷ್ಟೋ ವರ್ಷಕ್ಕೆ ಓದಿದೆ, ಬಿಲ್ ಗೇಟ್ಸ್ ಕೂಡ ಇದರ ಗೀಳು ಬಿಡಿಸ್ಕೊಳ್ಳೋಕೆ ತನ್ನ ಕಂಪ್ಯೂಟರಿನಿಂದ ಆಟ ತೆಗೆದುಹಾಕಿ, ಕಂಪನಿಯ ಇನ್ನೊಬ್ಬರ ಕೋಣೆಗೆ ಹೋಗಿ ಆಡ್ತಿದ್ರಂತೆ. ಓದಿದಾಗ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ. ಮೈಕ್ರೋಸಾಫ್ಟಿನಲ್ಲಿ ಇದನ್ನ ಬರೆದವರು ರಾಬರ್ಟ್ ಡಾನರ್, ಕರ್ಟ್ ಜಾನ್ಸನ್ ಅಂತ ಇಬ್ಬರು. 1990ರಲ್ಲಿ ಒಂದು ಆಟಗಳ ಕಟ್ಟಿನಲ್ಲಿ ಬಂತು, 1992ರಲ್ಲಿ ವಿಂಡೋಸ್ 3.1ರ ಜೊತೆಗೇ ಸೇರಿಕೊಳ್ತು. ದುಡ್ಡು ಕೊಟ್ಟು ಬೇರೆ ತರಬೇಕಾಗಿರಲಿಲ್ಲ. ಕಂಪ್ಯೂಟರ್ ಇದ್ದಲ್ಲೆಲ್ಲ ಅದು ಇತ್ತು. ಬ್ಯಾಂಕಿನಲ್ಲಿ, ಶಾಲೆಯ ಲ್ಯಾಬಿನಲ್ಲಿ, ಜಯನಗರ ನಾಲ್ಕನೇ ಬ್ಲಾಕಿನ ಸೈಬರ್ ಕೆಫೆಯಲ್ಲಿ. ನನ್ನ ಬೆರಳಿಗೆ ಎಡಗುಂಡಿ ಬಲಗುಂಡಿ ವ್ಯತ್ಯಾಸ ಕಲಿಸಿದ್ದೇ ಅದು. ಎಡಗುಂಡಿ ಒತ್ತಿದ್ರೆ ಮನೆ ತೆರೆಯುತ್ತೆ, ಬಲಗುಂಡಿ ಒತ್ತಿದ್ರೆ ಕೆಂಪು ಬಾವುಟ. ಮಾತು ಸಾಕು, ಆಟ ನೋಡು. ಕೆಳಗಿನ ಗೋಡೆ ಪಕ್ಕದ ಸಾಲು ಮುಚ್ಚಿದೆ. ಅದರ ಮೇಲೆ 1, 2, 1.

– ಈ ಮೂರರಲ್ಲಿ ಒಂದನ್ನ ತೆರೆದು ನೋಡ್ಲಾ?

– ನೋಡ್ಲಾ ಅಂತ ಕೇಳಿದ್ರೆ ಅಕ್ಕ ಕೈ ಮೇಲೆ ಹೊಡೀತಿದ್ಲು. ‘ಗೊತ್ತಾ, ಊಹೆನಾ?’ ಅದು ಅವಳ ಪ್ರಶ್ನೆ. ಯಾರೇ ಮೌಸ್ ಹಿಡಿದಿದ್ರೂ ಒತ್ತೋದಕ್ಕೆ ಮುಂಚೆ ಆ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಗೊತ್ತು ಅಂದ್ರೆ ಹೇಗೆ ಗೊತ್ತು ಅಂತ ಎಲ್ಲರಿಗೂ ತಿಳಿಯೋ ಹಾಗೆ ಬಿಡಿಸಿ ಹೇಳಬೇಕು. ಹೇಳು ನೋಡೋಣ.

– ಸರಿ, ಇರು. ನಡುಮನೆಯಲ್ಲಿ ಬಾಂಬ್ ಇದೆ ಅಂದ್ಕೊಳ್ಳೋಣ. ಎಡಗಡೆ 1ಕ್ಕೆ ಅದು ತಾಗುತ್ತೆ, ಅದರ ಲೆಕ್ಕ ಮುಗೀತು. ಬಲಗಡೆ 1ರದ್ದೂ ಮುಗೀತು. ಹಾಗಾದ್ರೆ ನಡುಮನೆಯ ಎಡಕ್ಕೂ ಬಾಂಬ್ ಇಲ್ಲ, ಬಲಕ್ಕೂ ಇಲ್ಲ. ಆದ್ರೆ 2ಕ್ಕೆ ಎರಡು ಬೇಕು, ಅದಕ್ಕೆ ಸಿಕ್ಕಿದ್ದು ಒಂದೇ. ತಾಳೆ ಆಗಲ್ಲ. ಅಂದ್ರೆ ನಡುಮನೆಯಲ್ಲಿ ಇಲ್ಲ! ಎಡಕ್ಕೊಂದು, ಬಲಕ್ಕೊಂದು ಬಾವುಟ.

– ಹಾಕು ಬಾವುಟ. ನಡುಮನೆ ತೆರಿ. ನೋಡು, ಏನೂ ಆಗಲಿಲ್ಲ. ಕಣ್ಣಿಗೆ ಕಾಣದ್ದನ್ನ ಈಗ ನೀನು ತಿಳ್ಕೊಂಡೆ. ಊಹಿಸಿದ್ದಲ್ಲ, ತಿಳ್ಕೊಂಡಿದ್ದು. ನನಗೆ ಹತ್ತು ವರ್ಷ ಆಗಿದ್ದಾಗ ಅಕ್ಕ ಇದೇ 1-2-1 ತೋರಿಸಿದ್ಲು. ಶಾಲೆಯಲ್ಲಿ ಲೆಕ್ಕ ಮಾಡ್ತಿದ್ದೆ, ಮಗ್ಗಿ ಬರ್ತಿತ್ತು. ಆದ್ರೆ ‘ಹೀಗಿದೆ ಅಂದುಕೊಂಡ್ರೆ ತಾಳೆ ಆಗಲ್ಲ, ಆದ್ದರಿಂದ ಹಾಗಿಲ್ಲ’ ಅನ್ನೋ ದಾರಿಯೊಂದು ಇದೆ ಅಂತ ಅವತ್ತೇ ಗೊತ್ತಾಗಿದ್ದು. ಆ ರಾತ್ರಿ ನಿದ್ದೆ ಬರಲಿಲ್ಲ ಕಣಮ್ಮ.

– ಇದನ್ನ ನಮಗೆ ಕಾಲೇಜಿನಲ್ಲಿ ವಿರೋಧಾಭಾಸದಿಂದ ಸಾಧಿಸೋದು ಅಂತ ಹೇಳಿಕೊಟ್ರು. ಬೋರ್ಡಿನ ಮೇಲೆ ಒಣಕಲಾಗಿತ್ತು. ಮಾಮ, ಇನ್ನೊಂದು ಗೊತ್ತಾ? ಎಂಟೆಂಟಲ ಅರವತ್ನಾಲ್ಕು ಮನೆಗೆ ಹತ್ತು ಬಾಂಬ್ ಅಂದ್ರೆ ನೂರಕ್ಕೆ ಹದಿನೈದೂವರೆಗಿಂತ ಸ್ವಲ್ಪ ಜಾಸ್ತಿ. ಮುಂದಿನ ಹಂತದಲ್ಲಿ ಎಷ್ಟಿತ್ತು?

– ಹದಿನಾರು ಸಾಲು, ಹದಿನಾರು ಮನೆ, ನಲವತ್ತು ಬಾಂಬ್.

– ಇನ್ನೂರೈವತ್ತಾರಕ್ಕೆ ನಲವತ್ತು. ಅದೂ ಅಷ್ಟೇ! ಸರಿಯಾಗಿ ಅದೇ ಪ್ರಮಾಣ. ಹಲಗೆ ದೊಡ್ಡದಾಯ್ತೇ ಹೊರತು ಬಾಂಬಿನ ದಟ್ಟಣೆ ಹೆಚ್ಚಾಗಿಲ್ಲ.

– ಹೌದಾ! ಇಷ್ಟು ವರ್ಷ ನನಗದು ಹೊಳೆದಿರಲಿಲ್ಲ. ಕೊನೇ ಹಂತದಲ್ಲಿ ಮಾತ್ರ ಹದಿನಾರು ಸಾಲು, ಮೂವತ್ತು ಮನೆ, ತೊಂಬತ್ತೊಂಬತ್ತು ಬಾಂಬ್.

– ನೂರಕ್ಕೆ ಇಪ್ಪತ್ತು ದಾಟಿತು. ಐದು ಮನೆಗೆ ಒಂದು ಬಾಂಬ್. ಅದಕ್ಕೇ ಅದು ಕಷ್ಟ. ನಮ್ಮ ಮೇಷ್ಟ್ರು ಒಂದು ವಿಷಯ ಹೇಳಿದ್ರು, ಆಗ ಆಟ ಗೊತ್ತಿಲ್ಲದೆ ತಲೆಗೆ ಹತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಿಚರ್ಡ್ ಕೇ ಅನ್ನೋ ಗಣಿತಜ್ಞ 2000ನೇ ಇಸವಿಯಲ್ಲಿ ಈ ಆಟದ ಮೇಲೆ ಒಂದು ಪ್ರಬಂಧ ಬರೆದ್ರು. ಅರ್ಧ ತೆರೆದ ಹಲಗೆ ಕೊಟ್ಟು, ಇಲ್ಲಿರೋ ಅಂಕಿಗಳಿಗೆಲ್ಲ ತಾಳೆಯಾಗೋ ಹಾಗೆ ಬಾಂಬ್ ಇಡೋಕೆ ಸಾಧ್ಯವಾ ಅಂತ ಕೇಳಿದ್ರೆ, ಅದು ಎನ್‌ಪಿ-ಕಂಪ್ಲೀಟ್ ಅನ್ನೋ ಗುಂಪಿನ ಸಮಸ್ಯೆ ಅಂತ ಸಾಧಿಸಿದ್ರು.

– ನನ್ನಂಥವನಿಗೆ ತಿಳಿಯೋ ಹಾಗೆ ಹೇಳು.

– ಯಾರೋ ಬಾಂಬ್ ಇಟ್ಟು ತೋರಿಸಿದ್ರೆ ಸರಿಯೋ ತಪ್ಪೋ ಅಂತ ಒಂದೊಂದೇ ಅಂಕಿ ಎಣಿಸಿ ಬೇಗ ಹೇಳಬಹುದು. ಆದ್ರೆ ನಾವೇ ಇಡಬೇಕು ಅಂದ್ರೆ, ಹಲಗೆ ದೊಡ್ಡದಾಗ್ತಾ ಹೋದ ಹಾಗೆ ಎಲ್ಲ ಹಲಗೆಗೂ ನಡೆಯೋ ಬೇಗದ ದಾರಿ ಇದುವರೆಗೆ ಯಾರಿಗೂ ಗೊತ್ತಿಲ್ಲ. ಇದಕ್ಕೆ ಅಂಥ ದಾರಿ ಸಿಕ್ಕಿದ್ರೆ ಆ ಗುಂಪಿನ ಸಾವಿರಾರು ಸಮಸ್ಯೆಗಳಿಗೂ ಸಿಕ್ಕ ಹಾಗೆ. ದಾರಿ ಇದೆ ಅಂತಲೋ ಇಲ್ಲ ಅಂತಲೋ ಸಾಧಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಅದೇ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಇವತ್ತಿಗೂ ಯಾರೂ ಗೆದ್ದಿಲ್ಲ.

– ಈ ಮೂಲೆಯಲ್ಲಿ ಕೂತು, ಕಾಲು ಅಲ್ಲಾಡಿಸ್ಕೊಂಡು ಆಡ್ತಿದ್ದ ಆಟ! ಸಂಜೆ ನಿಮ್ಮಮ್ಮನಿಗೆ ಇದನ್ನ ಬಿಡಿಸಿ ಹೇಳು. ಅವಳಿಗೆ ತುಂಬ ಸಂತೋಷ ಆಗುತ್ತೆ.

– ಅಮ್ಮ ಎಷ್ಟು ಬೇಗ ಮುಗಿಸ್ತಿದ್ಲು?

– ಕೊನೇ ಹಂತ ಇನ್ನೂರ ಹದಿನಾಲ್ಕು ಸೆಕೆಂಡು. ಮರೆಯೋ ಅಂಕಿಯಲ್ಲ ಅದು. ಅತಿ ಕಡಿಮೆ ಹೊತ್ತಿನಲ್ಲಿ ಗೆದ್ದವರ ಹೆಸರು ಬರ್ಕೊಳ್ಳೋಕೆ ಒಂದು ಸಣ್ಣ ಪಟ್ಟಿ ಇತ್ತು. ಅಲ್ಲಿ ಅವಳು ತನ್ನ ಹೆಸರು ಹಾಕಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಅಕ್ಕ’ ಅಂತ ಬರೆದ್ಲು. ನಮ್ಮ ಕ್ರಾಸಿನ ಹುಡುಗ ಹುಡುಗಿಯರಿಗೆಲ್ಲ ಅವಳು ಅಕ್ಕನೇ.

– ಎಲ್ಲರೂ ಇಲ್ಲಿಗೇ ಬರ್ತಿದ್ರಾ?

– ಒಂದು ಕುರ್ಚಿ, ಎರಡು ಸ್ಟೂಲು, ಒಬ್ಬ ಯಾವಾಗಲೂ ಕಿಟಕಿ ಕಟ್ಟೆ ಮೇಲೆ. ಆಡೋದು ಒಬ್ಬರು, ನೋಡೋದು ಐದು ಜನ. ಹಾಗಾಗಿ ಎಲ್ಲರೂ ಗಟ್ಟಿಯಾಗಿ ಯೋಚನೆ ಮಾಡಬೇಕಿತ್ತು. ‘ಆ ಮೂರಕ್ಕೆ ಎರಡು ಬಾವುಟ ಬಂತು, ಇನ್ನೊಂದು ಎಲ್ಲಿ?’ ‘ಮೇಲಿನ ಮನೆ, ಮೇಲಿನ ಮನೆ!’ ‘ತಡಿಯೋ, ಒತ್ತಬೇಡ!’ ಅಜ್ಜಿ ಕನ್ನಡಕ ಹಾಕ್ಕೊಂಡು ಹಿಂದೆ ನಿಲ್ಲೋರು. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಮೌಸ್ ಹಿಡಿದವರೇ ಅಲ್ಲ. ಆದ್ರೆ ಎರಡೇ ವಾರದಲ್ಲಿ ‘ಆ ಮೂಲೆ ಮನೆಗೆ ನೆಂಟರು ಮೂರೇ ಜನ, ಅದರಿಂದ ಶುರು ಮಾಡ್ರೋ’ ಅಂತ ಹೇಳಿದ್ರು. ಮೂಲೆಯ ಮನೆಗೆ ಸುತ್ತ ಮೂರೇ ಮನೆ ಇರೋದಲ್ವಾ. ಅಷ್ಟು ಸರಿಯಾದ ಮಾತು.

– ಮಾಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮನೆ ಹೋಗ್ತಿದೆ ಅಂತ ನಿನಗೆ ಹೀಗನ್ನಿಸ್ತಿದೆಯಾ? ಹಳೇದೆಲ್ಲ ಚೆಂದ ಅನ್ನಿಸೋ ಹಾಗೆ?

– ಬೇಜಾರು ಯಾಕೆ? ಕೇಳಬೇಕಾದ ಪ್ರಶ್ನೆಯೇ. ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ದಿನಕ್ಕೆರಡು ಸಲ ಕರೆಂಟ್ ಹೋಗ್ತಿತ್ತು, ಆ ಮಾನಿಟರ್ ಮಿಣುಕಿಗೆ ನನ್ನ ಕಣ್ಣು ಹಾಳಾಯ್ತು. ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳು ನಮ್ಮಮ್ಮನ ಮುಖ ನೋಡ್ಕೊಂಡು ಒಳಗೆ ಬರಬೇಕಿತ್ತು. ಅದು ಒಳ್ಳೇದಲ್ಲ. ನನಗೆ ಬೇಕು ಅನ್ನಿಸೋದು ಒಂದೇ. ಆರು ಮಕ್ಕಳು ಒಂದು ಪರದೆ ನೋಡ್ತಾ, ತನಗೆ ಹೇಗೆ ಗೊತ್ತಾಯ್ತು ಅಂತ ಇನ್ನೊಬ್ಬರಿಗೆ ಕನ್ನಡದಲ್ಲಿ ಬಿಡಿಸಿ ಹೇಳ್ತಿದ್ವಲ್ಲ, ಅದು. ಅದನ್ನ ಶಾಲೆಯಲ್ಲಿ ಯಾರೂ ಹೇಳಿಸಲಿಲ್ಲ. ಅದಕ್ಕೆ ಬೇಕಾದ ಮಾತೆಲ್ಲ ನಮ್ಮ ಹತ್ತಿರವೇ ಇತ್ತು. ಮನೆ, ಗೋಡೆ, ಮೂಲೆ, ನೆಂಟರು, ತಾಳೆ, ಸೈಟು.

– ಮೋಸ ಮಾಡ್ತಿರಲಿಲ್ವಾ ಯಾರೂ?

– ಒಂದು ಸಲ ಆಯ್ತು. ಪಕ್ಕದ ಕ್ರಾಸಿನ ಹುಡುಗನೊಬ್ಬ ಬಂದು ಒಂದೂ ತಪ್ಪಿಲ್ಲದೆ ಮೂರು ಸಲ ಗೆದ್ದ. ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ವಿ. ಅಕ್ಕ ಮಾತ್ರ ಆಟ ನೋಡ್ತಿರಲಿಲ್ಲ, ಅವನ ಕಣ್ಣು ನೋಡ್ತಿದ್ಲು. ಪ್ರತಿ ಸಲ ಒತ್ತೋದಕ್ಕೆ ಮುಂಚೆ ಅವನ ಕಣ್ಣು ಪರದೆಯ ಎಡ ಮೇಲಿನ ತುದಿಗೆ ಹೋಗಿ ಬರ್ತಿತ್ತು. ಆಮೇಲೆ ಬಾಯಿ ಬಿಟ್ಟ. ಎಕ್ಸ್, ವೈ, ಝಡ್, ಝಡ್, ವೈ ಅಂತ ಐದು ಅಕ್ಷರ ಒತ್ತಿ, ಶಿಫ್ಟ್ ಹಿಡಿದು ಎಂಟರ್ ಒತ್ತಿದ್ರೆ ಆ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ ಮೂಡುತ್ತೆ. ಬಾಣ ಇಟ್ಟ ಮನೆಯಲ್ಲಿ ಬಾಂಬ್ ಇದ್ರೆ ಕಪ್ಪು, ಇಲ್ಲದಿದ್ರೆ ಬಿಳಿ. ಅಕ್ಕ ಅವನ ಮೇಲೆ ಸಿಟ್ಟಾಗಲಿಲ್ಲ. ‘ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ ಏನು ಹೇಳ್ತೀಯ?’ ಅಂತಷ್ಟೇ ಕೇಳಿದ್ಲು. ಅವನು ಆಮೇಲೆ ನಮ್ಮ ಜೊತೆಗೇ ಸೇರಿಕೊಂಡ, ಚೆನ್ನಾಗಿ ಆಡೋದು ಕಲಿತ. ಮೋಸ ಅಂದ್ರೆ ನೆನಪಾಯ್ತು, ಆಟವೂ ನಮಗೆ ಒಂದು ಉಪಕಾರ ಮಾಡ್ತಿತ್ತು. ಮೊದಲ ಕ್ಲಿಕ್ಕಿಗೆ ಎಂದೂ ಬಾಂಬ್ ಸಿಡೀತಿರಲಿಲ್ಲ. ನನ್ನ ಕೈಗುಣ ಅಂದ್ಕೊಂಡಿದ್ದೆ. ನಿಜ ಏನು ಅಂದ್ರೆ, ಮೊದಲು ಒತ್ತಿದ ಮನೆಯಲ್ಲಿ ಬಾಂಬ್ ಇದ್ರೆ ಪ್ರೋಗ್ರಾಮು ಅದನ್ನ ಸದ್ದಿಲ್ಲದೆ ಎತ್ತಿ ಮೇಲಿನ ಎಡ ಮೂಲೆಗೆ ಇಡ್ತಿತ್ತು. ಬರೆದವರ ದೊಡ್ಡ ಮನಸ್ಸು ಅದು.

– ನಿಜವಾದ ನೆಲಬಾಂಬ್ ಹಾಗೆ ಎದ್ದು ಹೋಗಲ್ಲ.

– ಹೋಗಲ್ಲ. ಆ ಮಾತು ನಮಗೆ ತಿಳಿಸಿದವರು ಎದುರು ಮನೆಯ ಸುಬೇದಾರ್ ತಾತ. ಕೋಲಾರದ ಕಡೆಯವರು, ಎಂ.ಇ.ಜಿ.ಯಲ್ಲಿದ್ದವರು.

– ಹಲಸೂರು ಕೆರೆ ಪಕ್ಕದ ಎಂ.ಇ.ಜಿ.?

– ಅದೇ. ಮದ್ರಾಸ್ ಎಂಜಿನಿಯರ್ ಗ್ರೂಪ್. ಹೆಸರು ಮದ್ರಾಸು, ಹುಟ್ಟಿದ್ದು 1780ರಲ್ಲಿ, ಆದ್ರೆ ಬಹಳ ಕಾಲದಿಂದ ಮನೆ ಬೆಂಗಳೂರೇ. ಸೇತುವೆ ಕಟ್ಟೋದು, ದಾರಿ ಮಾಡೋದು, ಮೈನ್ ಹೂಳೋದು, ಹೂಳಿದ್ದನ್ನ ತೆಗೆಯೋದು, ಇದು ಅವರ ಕೆಲಸ. ತಾತ ಸಂಜೆ ಪೇಪರ್ ಓದೋಕೆ ನಮ್ಮನೆಗೆ ಬರ್ತಿದ್ರು. ಒಂದು ದಿನ ನಮ್ಮ ಗಲಾಟೆ ಕೇಳಿ ಒಳಗೆ ಬಂದು ಪರದೆ ನೋಡಿದ್ರು. ‘ಇದೇನು ಆಟ?’ ಅಂದ್ರು. ‘ಮೈನ್ ತೆಗೆಯೋದು ತಾತ’ ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ನಿಂತಿದ್ರು.

– ಬೈದ್ರಾ?

– ಇಲ್ಲ. ಕೂತ್ಕೊಂಡು ಆಟದ ನಿಯಮ ಕೇಳಿ ತಿಳ್ಕೊಂಡ್ರು. ಆಮೇಲೆ ಈ ನೆಲದ ಮೇಲೆ ಬೋರಲು ಮಲಗಿ ತೋರಿಸಿದ್ರು. ಆ ವಯಸ್ಸಿನವರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು. ಅಕ್ಕನ ಅಡಿಪಟ್ಟಿ ಕೈಯಲ್ಲಿ ಹಿಡಿದು, ಹೀಗೆ, ನೆಲಕ್ಕೆ ಓರೆಯಾಗಿ ಚುಚ್ಚೋ ಹಾಗೆ. ‘ನೆಟ್ಟಗೆ ಚುಚ್ಚಿದ್ರೆ ಮೈನಿನ ತಲೆಗೆ ತಾಗುತ್ತೆ, ಸಿಡಿಯುತ್ತೆ. ಓರೆಯಾಗಿ ಹೋದ್ರೆ ಪಕ್ಕಕ್ಕೆ ತಾಗುತ್ತೆ. ಗಟ್ಟಿ ಅನ್ನಿಸಿದ್ರೆ ನಿಲ್ಲಿಸಬೇಕು. ಎರಡು ಬೆರಳು ಮುಂದೆ, ಮತ್ತೆ ಚುಚ್ಚು. ಮತ್ತೆ ಎರಡು ಬೆರಳು. ಆದ ಜಾಗಕ್ಕೆ ಬಿಳಿ ಪಟ್ಟಿ ಹಾಸ್ಕೊಂಡು ಹೋಗಬೇಕು, ಹಿಂದೆ ಬರೋರು ಆ ಪಟ್ಟಿಯ ಒಳಗೇ ಕಾಲಿಡಬೇಕು.’ 1971ರ ಡಿಸೆಂಬರಿನ ಯುದ್ಧದಲ್ಲಿ ಬಸಂತರ್ ನದಿ ಹತ್ತಿರ ಅವರು ಇದ್ರು. ಟ್ಯಾಂಕುಗಳು ದಾಟೋಕೆ ಸ್ಯಾಪರ್‌ಗಳು, ಅಂದ್ರೆ ಸೈನ್ಯದ ಎಂಜಿನಿಯರ್ ದಳದವರು, ಮೈನ್ ತೆಗೆದು ದಾರಿ ಮಾಡಿದ ಜಾಗ. ದಾರಿ ಪೂರ್ತಿ ಆಗೋ ಮುಂಚೆಯೇ ಟ್ಯಾಂಕುಗಳು ನುಗ್ಗಬೇಕಾಯ್ತು ಅಂತ ಹೇಳಿದ್ರು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

– ಆಮೇಲೆ?

– ಅವರ ದಳದ್ದೇ ಇನ್ನೊಂದು ಕಥೆ ಹೇಳಿದ್ರು. ಎರಡನೇ ಮಹಾಯುದ್ಧದಲ್ಲಿ ಸುಬೇದಾರ್ ಸುಬ್ರಮಣಿಯನ್ ಅಂತ ಒಬ್ಬರು ಇಟಲಿಯ ಮಿಗ್ನಾನೋದ ಹತ್ತಿರ ಮೈನ್ ತೆಗೆಯೋ ತಂಡದಲ್ಲಿದ್ರು. 1944ರ ಫೆಬ್ರವರಿ 24. ಜೊತೆಯವರೊಬ್ಬರ ಕಾಲು ಮೈನಿನ ಮೇಲೆ ಬಿತ್ತು. ಸಿಡಿಯೋಕೆ ಕೆಲವೇ ಕ್ಷಣ. ಸುಬ್ರಮಣಿಯನ್ ಅದರ ಮೇಲೆ ಬಿದ್ದು ತಮ್ಮ ಮೈಯಲ್ಲೇ ಸಿಡಿತವನ್ನ ತಡೆದ್ರು. ಉಳಿದವರು ಬದುಕಿದ್ರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಶೌರ್ಯಪದಕ ಸಿಕ್ತು. ಆ ಸಂಜೆ ನಾವ್ಯಾರೂ ಮತ್ತೆ ಮೌಸ್ ಮುಟ್ಟಲಿಲ್ಲ.

– ಆಟ ಬಿಟ್ಟುಬಿಟ್ರಾ?

– ನನಗೆ ಬಿಡಬೇಕು ಅನ್ನಿಸ್ತು. ಅದೇ 1997ರಲ್ಲಿ ನೆಲಬಾಂಬ್ ನಿಷೇಧಕ್ಕಾಗಿ ದುಡಿದವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲ. ಆಮೇಲಿನ ವರ್ಷಗಳಲ್ಲಿ ಇಟಲಿಯ ಕೆಲವರು ಈ ಆಟದ ಮೇಲೆಯೇ ಆಕ್ಷೇಪ ಎತ್ತಿದ್ರು. ಮಕ್ಕಳು ಕಾಲು ಕಳ್ಕೊಳ್ಳೋ ವಸ್ತುವನ್ನ ಆಟ ಮಾಡಬೇಡಿ ಅಂತ. 2007ರ ವಿಂಡೋಸ್ ವಿಸ್ಟಾದಲ್ಲಿ ಬಾಂಬಿನ ಬದಲು ಹೂವು ಇಡೋ ಅವಕಾಶ ಕೊಟ್ರು. ಆ ಆಕ್ಷೇಪ ಸರಿ ಅಂತಲೇ ನನ್ನ ಅಭಿಪ್ರಾಯ. ಮನೆಯ ಕೆಳಗೆ ಹೂವಿದ್ರೂ ಲೆಕ್ಕ ಅದೇ, ಆಟ ಅದೇ. ಆದ್ರೆ ತಾತನೇ ನಮಗೆ ಬಿಡಿ ಅನ್ನಲಿಲ್ಲ. ಎರಡು ದಿನ ಬಿಟ್ಟು ಬಂದು, ‘ಯಾಕೆ ಸುಮ್ಮನೆ ಕೂತಿದ್ದೀರ? ಆಡಿ. ಆದ್ರೆ ಅವಸರ ಮಾಡೋದನ್ನ ಮಾತ್ರ ಇದರಿಂದ ಕಲೀಬೇಡಿ’ ಅಂದ್ರು. ನಾವಾಗ ಎಷ್ಟು ಸೆಕೆಂಡು ಅಂತ ಪೈಪೋಟಿಗೆ ಬಿದ್ದಿದ್ವಲ್ಲ.

– ಮಾಮ, ಬಾಂಬ್ ಇನ್ನು ಒಂದೇ ಉಳಿದಿರೋದು. ಎಡ ಮೇಲಿನ ಮೂಲೆಯ ಮನೆ, ಅದರ ಬಲಕ್ಕಿರೋ ಮನೆ, ಎರಡು ಮಾತ್ರ ಮುಚ್ಚಿದೆ. ಆದ್ರೆ ಇದು ತಾಳೆ ನೋಡೋಕೇ ಆಗ್ತಿಲ್ಲ. ಕೆಳಗಡೆ 1, ಅದರ ಪಕ್ಕ 3. ಆಚೆ ಕಡೆ ಎರಡು ಮನೆಗೂ ಬಾವುಟ ಹಾಕಿದ್ದೀನಿ.

– ಹೇಳು, ಎರಡು ಅಂಕಿ ಏನು ಹೇಳ್ತಿವೆ?

– 1 ಹೇಳ್ತಿದೆ, ಈ ಎರಡರಲ್ಲಿ ಒಂದು ಬಾಂಬ್ ಅಂತ. 3ರಿಂದ ಎರಡು ಬಾವುಟ ಕಳೆದ್ರೆ ಒಂದು. ಅದೂ ಅದನ್ನೇ ಹೇಳ್ತಿದೆ. ಉಳಿದ ಲೆಕ್ಕವೂ ಒಂದು. ಮೂವರೂ ಒಂದೇ ಮಾತು ಹೇಳ್ತಿದ್ದಾರೆ, ಯಾರಿಗೂ ಯಾವ ಮನೆ ಅಂತ ಗೊತ್ತಿಲ್ಲ. ಬಾವುಟ ಇರೋ ಮನೆಗಳು ಮಾತಾಡಲ್ಲ.

– ಸರಿಯಾಗಿ ಹೇಳಿದೆ. ಎಷ್ಟು ಬುದ್ಧಿವಂತರು ಕೂತ್ರೂ ಇಲ್ಲಿ ತಿಳ್ಕೊಳ್ಳೋಕೆ ಏನೂ ಇಲ್ಲ. ನೂರಕ್ಕೆ ಐವತ್ತು, ಅಷ್ಟೇ. ಈ ಮೂಲೆಯನ್ನ ಬೇಕಂತಲೇ ಇಟ್ಟೆ. ನಿಮ್ಮಮ್ಮ ಕೊನೇ ಹಂತದಲ್ಲಿ ಸಿಕ್ಕಿಬಿದ್ದ ಮೂಲೆ ಇದು.

– ಯಾವಾಗ?

– 1998ರ ಬೇಸಿಗೆ ರಜೆ. ತೊಂಬತ್ತೆಂಟು ಬಾವುಟ ಹಾಕಿ ಆಗಿತ್ತು. ಗಡಿಯಾರದಲ್ಲಿ ನೂರ ತೊಂಬತ್ತೊಂದು. ಇನ್ನೂರರ ಒಳಗೆ ಮುಗಿಸ್ತಾಳೆ ಅಂತ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ವಿ. ಅವಳು ಕೈ ತೆಗೆದುಬಿಟ್ಲು. ‘ಒತ್ತೇ ಅಕ್ಕ, ಒತ್ತು’ ಅಂತ ನಾನು ಕಿರುಚ್ತಿದ್ದೆ. ಅವಳು ಹಿಂದೆ ತಿರುಗಿ, ಬಾಗಿಲ ಹತ್ತಿರ ಪೇಪರ್ ಹಿಡಿದು ನಿಂತಿದ್ದ ಸುಬೇದಾರ್ ತಾತನ್ನ ಕೇಳಿದ್ಲು. ‘ತಾತ, ಇದರಲ್ಲಿ ಯಾವುದು ಅಂತ ಗೊತ್ತಾಗೋಕೆ ದಾರಿ ಇಲ್ಲ. ನೀವಾಗಿದ್ರೆ ಯಾವುದನ್ನ ಒತ್ತುತ್ತಿದ್ರಿ?’

– ಏನಂದ್ರು?

– ಪರದೆ ಹತ್ತಿರ ಬಂದು, ಕನ್ನಡಕ ಸರಿ ಮಾಡ್ಕೊಂಡು, ಆ ಎರಡು ಮನೆಯನ್ನೂ ಅದರ ಪಕ್ಕದ ಮನೆಗಳನ್ನೂ ಬೆರಳಿಟ್ಟು ಎಣಿಸಿ ನೋಡಿದ್ರು. ಆಮೇಲೆ, ‘ಒತ್ತಲ್ಲ ಮಗಳೇ. ಗುರುತು ಹಾಕಿ, ಪಟ್ಟಿ ಕಟ್ಟಿ, ಸುತ್ತಿ ಹೋಗ್ತೀವಿ’ ಅಂದ್ರು.

– ಅಮ್ಮ?

– ಎದ್ದು ಅಡುಗೆಮನೆಗೆ ಹೋದ್ಲು, ಎಲ್ಲರಿಗೂ ಮಜ್ಜಿಗೆ ತಂದ್ಲು. ಬೇರೆ ಯಾರಿಗೂ ಮೌಸ್ ಮುಟ್ಟೋ ಧೈರ್ಯ ಬರಲಿಲ್ಲ. ಆಟದ ಹಲಗೆಯ ಮೇಲಿದ್ದ ಹಳದಿ ಮುಖ ನಗ್ತಾನೇ ಇತ್ತು. ಗಡಿಯಾರ ಓಡಿ ಓಡಿ 999ಕ್ಕೆ ಬಂದು ನಿಂತ್ಕೊಳ್ತು. ಅದಕ್ಕೆ ಮೂರೇ ಅಂಕಿಯ ಜಾಗ, ಮುಂದೆ ಎಣಿಸೋದಿಲ್ಲ. ಆದ್ರೆ ಹೊತ್ತಾಯ್ತು ಅಂತ ಆಟ ಸೋಲಿಸೋದಿಲ್ಲ, ಕಾಯ್ತಾ ಇರುತ್ತೆ. ರಾತ್ರಿ ಊಟ ಆದ ಮೇಲೆ ಅಪ್ಪ ಬಂದು ಕಂಪ್ಯೂಟರ್ ಆರಿಸಿದಾಗ ಆ ಎರಡು ಮನೆ ಇನ್ನೂ ಮುಚ್ಚೇ ಇದ್ದವು.